ಹಗುರ ಚೀಲ, ತೂಕದ ಚಿತ್ರ

ಹುಬ್ಬಳ್ಳಿಯಿಂದ ಹೊರಡುವ ನಾಲ್ಕು ಹಾದಿಗಳು ನಾಲ್ಕು ಊರಿಗೆ ಮುಟ್ಟಿಸುತ್ತವೆ. ಗದಗಿನ ಕಡೆ ಹೊರಟರೆ ಅಣ್ಣಿಗೇರಿ, ವಿಜಯಪುರದ ಕಡೆ ಹೊರಟರೆ ನವಲಗುಂದ, ದಕ್ಷಿಣಕ್ಕೆ ಇಳಿದರೆ ಕುಂದಗೋಳ, ಕಾರವಾರದ ಕಡೆ ಮುಖ ಮಾಡಿದರೆ ಕಲಘಟಗಿ. ಮೊದಲ ಮೂರೂ ಎರಿ ಭೂಮಿಯ ಬಯಲು ಊರುಗಳು. ಅಲ್ಲಿ ಗಿಡದ ನೆರಳಿಗಿಂತ ಆಕಾಶವೇ ಹೆಚ್ಚು. ನಾಲ್ಕನೆಯದು ಮಲೆನಾಡಿನ ಸೆರಗು. ಬಸ್ಸು ಕಲಘಟಗಿ ಸಮೀಪಿಸಿದಂತೆಲ್ಲ ನೆಲದ ಕಪ್ಪು ಹಿಂದೆ ಸರಿದು ಹಸಿರು ಹತ್ತಿರವಾಗುತ್ತದೆ. ನಾಲ್ಕೂ ಊರು ಹುಬ್ಬಳ್ಳಿಯಿಂದ ಸುಮಾರು 40 ಕಿಲೋಮೀಟರಿನ ಒಳಗೇ ಇವೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದವರು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು.

ಶಾಲೆ ಕಾಲೇಜುಗಳ ಪ್ರವಾಸವೆಂದರೆ ಹಂಪಿ, ಬಾದಾಮಿ, ಜೋಗ ಎಂದು ಲೆಕ್ಕ ಹಾಕುವವರೇ ಹೆಚ್ಚು. ಧಾರವಾಡ ಜಿಲ್ಲೆಯ ಈ ತಾಲ್ಲೂಕು ಊರುಗಳಿಗೆ ‘ಪ್ರವಾಸ’ ಹೋಗುವುದೆಂದರೆ ಮನೆಯವರೇ ನಕ್ಕಾರು. ಆದರೆ ಕಿಸೆಯಲ್ಲಿ ಒಂದು ಮೊಬೈಲು, ಬಗಲಿಗೆ ಒಂದು ಸಣ್ಣ ಚೀಲ ಇದ್ದು, ಫೋಟೋ ತೆಗೆಯುವುದನ್ನು ನಿಜವಾಗಿ ಕಲಿಯಬೇಕೆಂಬ ಹುಡುಗ ಹುಡುಗಿಯರಿಗೆ ಇವಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ತೆಗೆದದ್ದರಲ್ಲಿ ಆಯ್ದುಕೊಳ್ಳುವುದು, ಆಯ್ದದ್ದನ್ನು ತಿದ್ದುವುದು, ತಿದ್ದಿದ್ದನ್ನು ಹಂಚುವುದು ಎಂದು ಈ ವಿದ್ಯೆಯಲ್ಲಿ ಮೂರು ಹಂತಗಳಿವೆ. ಮೂರಕ್ಕೂ ಈಗ ಅಂಗೈಯಗಲದ ಒಂದೇ ಸಾಧನ ಸಾಕು. ಚೀಲ ಹಗುರಾಗಿದೆ, ನಿಜ. ಚಿತ್ರದ ತೂಕ ಮಾತ್ರ ಎಳ್ಳಷ್ಟೂ ಇಳಿದಿಲ್ಲ. ಪ್ರತಿಯೊಂದು ಚಿತ್ರದಲ್ಲೂ ಯಾರದೋ ಮುಖ, ಯಾರದೋ ಮನೆ, ಯಾರದೋ ಕಸುಬು ಇರುತ್ತದೆ. ಆ ಹೊಣೆಯನ್ನು ಹೊರುವುದು ಹೇಗೆಂಬುದೇ ಇಲ್ಲಿ ಕಲಿಯಬೇಕಾದ ದೊಡ್ಡ ಪಾಠ.

ಬಂಡಿಯ ಹೊರೆಯಿಂದ ಕಿಸೆಗೆ

ಈ ಸೀಮೆ ಕ್ಯಾಮೆರಾದ ಕಣ್ಣಿಗೆ ಬಿದ್ದದ್ದು ಇಂದು ನಿನ್ನೆಯಲ್ಲ. 1855ರಲ್ಲಿ ಮುಂಬಯಿ ಸರ್ಕಾರವು ತೋಪುದಳದ ಅಧಿಕಾರಿ ಥಾಮಸ್ ಬಿಗ್ಸ್ ಎಂಬಾತನನ್ನು ಹಳೆಯ ಕಟ್ಟಡಗಳ ಛಾಯಾಚಿತ್ರ ತೆಗೆಯಲು ನೇಮಿಸಿತು. ವಿಜಯಪುರ, ಬಾದಾಮಿ, ಐಹೊಳೆಗಳ ಕಡೆ ಆತ ಓಡಾಡಿದ. ಆತ ಸೈನ್ಯದ ಕೆಲಸಕ್ಕೆ ಮರಳಬೇಕಾಗಿ ಬಂದಾಗ ಡಾಕ್ಟರ್ ಪಿಗೂ ಎಂಬ ವೈದ್ಯ ಆ ಕೆಲಸವನ್ನು ಮುಂದುವರಿಸಿದ. ಇವರ ಚಿತ್ರಗಳೂ ಮತ್ತೊಬ್ಬ ಅಧಿಕಾರಿ ನೀಲ್ ತೆಗೆದ ಚಿತ್ರಗಳೂ ಸೇರಿ 1866ರಲ್ಲಿ ಲಂಡನ್ನಿನಿಂದ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ಗ್ರಂಥವಾಗಿ ಹೊರಬಂದವು. ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್ ಅದಕ್ಕೆ ಇತಿಹಾಸದ ಮಾತು ಬರೆದರೆ, ವಾಸ್ತುಶಿಲ್ಪದ ವಿದ್ವಾಂಸ ಜೇಮ್ಸ್ ಫರ್ಗ್ಯುಸನ್ ಟಿಪ್ಪಣಿ ಬರೆದ. ಅಂದರೆ ಧಾರವಾಡ ಸೀಮೆಯ ಗುಡಿಯೊಂದರ ಚಿತ್ರ ತೆಗೆದ ಮೇಲೆ ಅದು ಓದುಗರ ಕೈ ಸೇರಲು ಸರಿಸುಮಾರು ಹತ್ತು ವರ್ಷ ಹಿಡಿಯಿತು! ಇಂದು ಹತ್ತು ಸೆಕೆಂಡು ತಡವಾದರೆ ‘ನೆಟ್‌ವರ್ಕ್ ಇಲ್ಲ’ ಎಂದು ಮುಖ ಸಿಂಡರಿಸುವ ಕಾಲ.

ಆ ದಿನಗಳ ಹೊರೆಯಾದರೂ ಎಂಥದು! ಮರದ ಪೆಟ್ಟಿಗೆಯ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ರಾಸಾಯನಿಕದ ಬಾಟಲಿಗಳು, ತೊಳೆಯಲು ನೀರು. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಬಳಕೆಗೆ ತಂದ ಗಾಜಿನ ಹಲಗೆಯ ವಿಧಾನದಲ್ಲಿ ಚಿತ್ರ ಬಹಳ ಸ್ಪಷ್ಟವಾಗಿ ಬರುತ್ತಿತ್ತು. ಆದರೆ ಗಾಜಿಗೆ ಹಚ್ಚಿದ ದ್ರವ ಹಸಿಯಾಗಿರುವಾಗಲೇ ಚಿತ್ರ ತೆಗೆದು, ಹಸಿಯಾಗಿರುವಾಗಲೇ ತೊಳೆಯಬೇಕು. ಅದಕ್ಕಾಗಿ ಹೋದಲ್ಲೆಲ್ಲ ಕತ್ತಲೆಯ ಡೇರೆ ಹೊಡೆಯಬೇಕು. ಬಿಗ್ಸ್ ಮತ್ತು ಪಿಗೂ ಬಳಸಿದ್ದು ಅದಕ್ಕಿಂತ ಹಳೆಯದಾದ ಕಾಗದದ ನೆಗೆಟಿವ್ ವಿಧಾನ. ಕಾಗದ ಒಡೆಯುವುದಿಲ್ಲ, ಗಾಜಿನಷ್ಟು ಭಾರವೂ ಇಲ್ಲ. ‘ಹಗುರವಾಗಿ ಹೋಗು’ ಎಂಬ ಮಾತು ಛಾಯಾಗ್ರಾಹಕರಿಗೆ ಹೊಸದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ತಿದ್ದುವುದೂ ಹೊಸದಲ್ಲ. ಆ ಕಾಲದ ಕಾಗದದ ನೆಗೆಟಿವ್‌ನಲ್ಲಿ ಆಕಾಶ ಕಲೆಕಲೆಯಾಗಿ ಮೂಡುತ್ತಿತ್ತು. ಆಗ ಕುಂಚ ಹಿಡಿದು ನೆಗೆಟಿವ್ ಮೇಲೆಯೇ ಆಕಾಶದ ಭಾಗಕ್ಕೆ ಮಸಿ ಬಳಿದು, ಅಚ್ಚಿನಲ್ಲಿ ಅದು ಶುಭ್ರವಾಗಿ ಬರುವಂತೆ ಮಾಡುತ್ತಿದ್ದರು. ಆಮೇಲಿನ ಕಾಲದ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ಅಳಿಸುವ ಕುಶಲಿಗಳಿದ್ದರು. ಕಪ್ಪು ಬಿಳುಪಿನ ಮದುವೆ ಫೋಟೋದಲ್ಲಿ ಸೀರೆಯ ಅಂಚಿಗೆ ಬಣ್ಣ ತುಂಬುವವರಿದ್ದರು. ಹಂಚುವ ದಾರಿಯೂ ಇತ್ತು. ತಾಲ್ಲೂಕಿನ ವರದಿಗಾರರು ಫಿಲ್ಮ್ ರೋಲನ್ನು ಲಕೋಟೆಗೆ ಹಾಕಿ, ಹುಬ್ಬಳ್ಳಿ ಬಸ್ಸಿನವರ ಕೈಗೆ ಕೊಟ್ಟು, ಪತ್ರಿಕಾ ಕಚೇರಿಯವರು ಬಸ್ ನಿಲ್ದಾಣಕ್ಕೆ ಬಂದು ಅದನ್ನು ಇಳಿಸಿಕೊಳ್ಳುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಒಂದು ರೋಲಿಗೆ 36 ಚಿತ್ರ. ತೊಳೆಸಲು ದುಡ್ಡು, ಅಚ್ಚಿಗೆ ಮತ್ತೆ ದುಡ್ಡು. ಹೀಗಾಗಿ ಬೆರಳು ಒತ್ತುವ ಮೊದಲು ಮನಸ್ಸು ನಾಲ್ಕು ಬಾರಿ ಲೆಕ್ಕ ಹಾಕುತ್ತಿತ್ತು. ಈಗ ಲೆಕ್ಕ ತಪ್ಪಿಹೋಗಿದೆ. ಕಷ್ಟ ಶುರುವಾಗುವುದೇ ಅಲ್ಲಿಂದ.

ಅಣ್ಣಿಗೇರಿ: ಆಯ್ದುಕೊಳ್ಳುವ ಪಾಠ

ಅಣ್ಣಿಗೇರಿ ಆದಿಕವಿ ಪಂಪನ ತಾಯಿಯ ಮನೆತನದ ಊರು. ಪಂಪನ ತಮ್ಮ ಜಿನವಲ್ಲಭ ಇಂದಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಬರೆಸಿದ ಶಾಸನ ಈ ನಂಟನ್ನು ಹೇಳುತ್ತದೆ. ಊರಿನ ಹೆಮ್ಮೆ ಅಮೃತೇಶ್ವರ ದೇವಾಲಯ. ಹನ್ನೊಂದನೆಯ ಶತಮಾನದ, ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯನ್ನು ಕಪ್ಪು ಬಳಪದ ಕಲ್ಲಿನಿಂದ ಕಟ್ಟಿದ್ದಾರೆ. ಒಳಗೆ ಕಾಲಿಟ್ಟರೆ ಕಂಬಗಳ ಕಾಡು. ಅವುಗಳ ಸಂಖ್ಯೆ 76 ಎಂದು ಲೆಕ್ಕ.

ಮೊಬೈಲ್ ಕ್ಯಾಮೆರಾ ಸೋಲುವುದು ಇಂಥ ಕಡೆಯೇ. ಹೊರಗೆ ಬಯಲಿನ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಪ್ಪು ಕಲ್ಲಿನ ಕತ್ತಲೆ. ಯಂತ್ರ ತನ್ನ ಪಾಡಿಗೆ ತಾನು ಬೆಳಕನ್ನು ಅಳೆದರೆ ಕತ್ತಲೆಯನ್ನೆಲ್ಲ ಬೂದು ಮಾಡಿಬಿಡುತ್ತದೆ. ಕರಿಕಲ್ಲು ಸಿಮೆಂಟಿನಂತೆ ಕಾಣುತ್ತದೆ. ಇದಕ್ಕೆ ಉಪಾಯ ಸುಲಭ. ಪರದೆಯ ಮೇಲೆ ಕಂಬದ ಬೆಳಕು ಬಿದ್ದ ಭಾಗವನ್ನು ಬೆರಳಿನಿಂದ ಒತ್ತಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೊಂಚ ಕೆಳಗೆ ಎಳೆಯಬೇಕು. ಆಗ ಕಲ್ಲು ಕಪ್ಪಾಗಿಯೇ ಉಳಿದು, ಅದರ ಮೇಲಿನ ಕಡೆತದ ಗೆರೆಗಳು ಮಿಂಚುತ್ತವೆ. ಫ್ಲ್ಯಾಷ್ ಬೇಡ. ಅದು ನಯವಾದ ಕಲ್ಲಿನ ಮೇಲೆ ಬಿಳಿ ಕಲೆಯಾಗಿ ಕೂಡುತ್ತದೆಯೇ ಹೊರತು ಗುಡಿಯನ್ನು ತೋರಿಸುವುದಿಲ್ಲ. ಉಸಿರು ಹಿಡಿದು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡರೆ ಕೈ ನಡುಗುವುದಿಲ್ಲ. ಇಷ್ಟಾದರೆ ಮೂರು ಕಾಲಿನ ಸ್ಟ್ಯಾಂಡ್ ಮನೆಯಲ್ಲೇ ಇರಲಿ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಅದನ್ನು ಬಳಸಲು ಹೇಗೂ ಮೊದಲೇ ಅನುಮತಿ ಪಡೆಯಬೇಕು.

ಗುಡಿಯಿಂದ ಹೊರಬರುವ ಹೊತ್ತಿಗೆ ಹುಮ್ಮಸ್ಸಿನ ಹುಡುಗರ ಮೊಬೈಲಿನಲ್ಲಿ ಮುನ್ನೂರು ಚಿತ್ರ ಸೇರಿರುತ್ತವೆ. ಒಂದೇ ಕಂಬ ಹತ್ತು ಸಲ, ಒಂದೇ ಗೆಳೆಯ ಇಪ್ಪತ್ತು ಭಂಗಿ! ಮನೆಗೆ ಹೋದ ಮೇಲೆ ಅದನ್ನು ಯಾರೂ ನೋಡುವುದಿಲ್ಲ, ತೆಗೆದವರೂ ನೋಡುವುದಿಲ್ಲ. ಇದಕ್ಕೆ ಹಳೆಯ ರೋಲಿನ ಲೆಕ್ಕವೇ ಮದ್ದು. ದಿನಕ್ಕೆ ಉಳಿಸಿಕೊಳ್ಳುವುದು 36 ಮಾತ್ರ ಎಂದು ಹೊರಡುವ ಮೊದಲೇ ನಿಶ್ಚಯಿಸಿಕೊಂಡರೆ, ಬಸ್ಸಿಗೆ ಕಾಯುವ ಹೊತ್ತು ಆಯ್ಕೆಯ ಹೊತ್ತಾಗುತ್ತದೆ. ಅಕ್ಕಿ ಆರಿಸುವ ಅವ್ವನ ಕೈಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಸಲ ಕಣ್ಣಾಡಿಸಿ ಅಲುಗಿದ್ದು, ಮಸುಕಾದದ್ದು, ಎರಡೆರಡು ಸಲ ಬಂದದ್ದನ್ನು ತೆಗೆಯುವುದು. ಎರಡನೆಯ ಸಲ ‘ಇದು ಏನನ್ನಾದರೂ ಹೇಳುತ್ತದೆಯೇ?’ ಎಂದು ಕೇಳಿಕೊಳ್ಳುವುದು. ಇಡೀ ಗುಡಿಯ ಒಂದು, ಕಂಬದ ಸಾಲಿನ ಒಂದು, ಕೆತ್ತನೆಯ ಹತ್ತಿರದ ನೋಟ ಒಂದು, ಗುಡಿಯನ್ನು ಬಳಸುವ ಊರಿನ ಜನರ ಒಂದು. ಈ ನಾಲ್ಕಿದ್ದರೆ ಅಣ್ಣಿಗೇರಿಗೆ ಹೋಗದವರಿಗೂ ಅಣ್ಣಿಗೇರಿ ಕಾಣುತ್ತದೆ.

ಆಯ್ಕೆಯಿಂದ ಇನ್ನೊಂದು ಲಾಭವಿದೆ. ಸಾಮಾನ್ಯ ಮೊಬೈಲಿನ ಒಂದು ಚಿತ್ರ ಮೂರರಿಂದ ಐದು ಎಂ.ಬಿ. ತೂಗುತ್ತದೆ ಎಂದಿಟ್ಟುಕೊಂಡರೆ, ಮುನ್ನೂರು ಚಿತ್ರಕ್ಕೆ ಸುಮಾರು ಒಂದರಿಂದ ಒಂದೂವರೆ ಜಿ.ಬಿ. ಜಾಗ ಬೇಕು. 36 ಚಿತ್ರ 200 ಎಂ.ಬಿ.ಯೊಳಗೇ ಮುಗಿಯುತ್ತದೆ. ಬೆರಳ ತುದಿಯಷ್ಟು ದೊಡ್ಡ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಟ್ಟುಕೊಂಡರೆ ಮೊಬೈಲು ಕಳೆದರೂ ದಿನದ ದುಡಿಮೆ ಉಳಿಯುತ್ತದೆ.

ಕುಂದಗೋಳ: ತಿದ್ದುವ ಪಾಠ

ಎರಡನೆಯ ಹಾದಿ ಕುಂದಗೋಳದ್ದು. ಇಲ್ಲಿಗೆ ರೈಲಿನಲ್ಲೇ ಹೋಗುವುದು ಚೆಂದ, ಅದಕ್ಕೊಂದು ಇತಿಹಾಸವೂ ಇದೆ. ಕಿರಾಣಾ ಘರಾಣೆಯ ಸವಾಯಿ ಗಂಧರ್ವರು 1886ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಅವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದರು. ಭೀಮಸೇನ ಜೋಶಿಯವರು ಹುಡುಗನಾಗಿ ಗುರುವಿನ ಮನೆಯಲ್ಲೇ ಇದ್ದು ಕಲಿತರು. ಇಲ್ಲಿನ ನಾಡಿಗೇರ ವಾಡೆ ಸಂಗೀತಗಾರರಿಗೆ ತವರಿದ್ದಂತೆ. ಸವಾಯಿ ಗಂಧರ್ವರ ನೆನಪಿನಲ್ಲಿ ಊರಿನಲ್ಲಿ ಅಹೋರಾತ್ರಿ ಸಂಗೀತೋತ್ಸವ ನಡೆದುಬಂದಿದೆ.

ಆದರೆ ಚಿತ್ರ ತಿದ್ದುವ ಪಾಠ ವಾಡೆಯಲ್ಲಿ ಅಲ್ಲ, ಹೊಲದ ಬದುವಿನಲ್ಲಿ ಶುರುವಾಗುತ್ತದೆ. ಕುಂದಗೋಳ ಸೀಮೆಯ ಎರಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೆಳೆಯುತ್ತಾರೆ. ಕೊಯ್ಲಿನ ಕಾಲಕ್ಕೆ ಕಣದಲ್ಲಿ ಹರಡಿದ ಹಣ್ಣು ಮೆಣಸಿನಕಾಯಿ ಕೆಂಪು ಕಂಬಳಿ ಹಾಸಿದಂತೆ ಕಾಣುತ್ತದೆ. ಯಾವ ಹುಡುಗನೂ ಅದರ ಚಿತ್ರ ತೆಗೆಯದೆ ಮುಂದೆ ಹೋಗಲಾರ. ತೆಗೆದ ಮೇಲೆ ಏನು ಮಾಡುತ್ತಾನೆ? ಬಣ್ಣ ಹೆಚ್ಚಿಸುವ ಗುಂಡಿಯನ್ನು ತುದಿಯವರೆಗೂ ಎಳೆಯುತ್ತಾನೆ. ಕಾಯಿ ಬೆಂಕಿಯಾಗುತ್ತದೆ, ಆಕಾಶ ನೀಲಿ ಮಸಿಯಾಗುತ್ತದೆ. ಅಲ್ಲಿಗೆ ಮೆಣಸಿನಕಾಯಿ ಕೆಟ್ಟಿತು! ಬ್ಯಾಡಗಿ ಕಾಯಿಯ ಗುರುತೇ ಅದರ ಸುಕ್ಕು ಮತ್ತು ಆಳವಾದ ಕೆಂಪು. ಬಣ್ಣ ಮಿತಿಮೀರಿದರೆ ಸುಕ್ಕಿನ ನೆರಳುಗಳೆಲ್ಲ ಒಂದೇ ಕೆಂಪಾಗಿ ಅಳಿಸಿಹೋಗುತ್ತವೆ. ಅದು ಬ್ಯಾಡಗಿಯೋ ಗುಂಟೂರೋ, ಕಾಯಿಯೋ ಕುಂಕುಮವೋ ತಿಳಿಯುವುದಿಲ್ಲ. ರೈತನಿಗೆ ಆ ಸುಕ್ಕಿನಲ್ಲೇ ದರ ಇದೆ. ಅವನ ಬೆಳೆಯನ್ನು ತೋರಿಸಲು ಹೋಗಿ ಬೆಳೆಯ ಗುಣವನ್ನೇ ಅಳಿಸಿದರೆ ಆ ತಿದ್ದುವಿಕೆಗೆ ಏನು ಅರ್ಥ?

ಹಾಗಾದರೆ ತಿದ್ದುವುದು ಎಷ್ಟು? ಗೂಗಲ್ ಸಂಸ್ಥೆಯ ಸ್ನ್ಯಾಪ್‌ಸೀಡ್‌ನಂಥ ಉಚಿತ ತಂತ್ರಾಂಶದಲ್ಲಿ ಹತ್ತಾರು ಉಪಕರಣಗಳಿವೆ, ಬೇಕಾಗುವುದು ನಾಲ್ಕೇ. ಮೊದಲನೆಯದು ಓರೆ ಸರಿಪಡಿಸುವುದು. ಈ ಬಯಲಿನಲ್ಲಿ ದಿಗಂತ ಎಳೆದ ದಾರದಂತೆ ನೇರವಾಗಿರುತ್ತದೆ. ಚಿತ್ರ ಕೂದಲೆಳೆಯಷ್ಟು ವಾಲಿದರೂ ಇಡೀ ಊರು ಜಾರುತ್ತಿರುವಂತೆ ಕಾಣುತ್ತದೆ. ಎರಡನೆಯದು ಅಂಚು ಕತ್ತರಿಸುವುದು. ಮೂಲೆಯಲ್ಲಿ ತೂರಿದ ಕಂಬ, ಅರ್ಧ ಕೈ, ಪ್ಲಾಸ್ಟಿಕ್ ಚೀಲ ಹೋದರೆ ಚಿತ್ರಕ್ಕೆ ಉಸಿರು ಬರುತ್ತದೆ. ಮೂರನೆಯದು ಬೆಳಕು ನೆರಳಿನ ಹದ. ನಾಲ್ಕನೆಯದು ಬಣ್ಣದ ಸಮತೋಲ, ಅದೂ ಕಣ್ಣು ಕಂಡದ್ದಕ್ಕೆ ಹತ್ತಿರ ತರಲು ಮಾತ್ರ. ಸಾರಿಗೆ ಉಪ್ಪು ಹಾಕಿದಂತೆ, ಹದವಾಗಿ. ಬಿಸಿಲಲ್ಲಿ ನಿಂತು ತಿದ್ದುವುದೂ ತಪ್ಪು. ಪರದೆ ಮಬ್ಬಾಗಿ ಕಾಣುವುದರಿಂದ ಕೈ ತಾನಾಗಿ ಬಣ್ಣ ಹೆಚ್ಚಿಸುತ್ತದೆ. ನೆರಳಿನಲ್ಲಿ ಕುಳಿತು ತಿದ್ದಿ, ಒಂದು ಚಹಾ ಕುಡಿದು ಬಂದು ಮತ್ತೆ ನೋಡಿದರೆ ಅತಿಯಾದದ್ದು ತಟ್ಟನೆ ತಿಳಿಯುತ್ತದೆ. ಮೂಲ ಚಿತ್ರವನ್ನು ಅಳಿಸದೆ, ತಿದ್ದಿದ್ದನ್ನು ಬೇರೆಯಾಗಿ ಉಳಿಸುವ ರೂಢಿ ಮೊದಲ ದಿನದಿಂದಲೇ ಇರಲಿ.

ಕುಂದಗೋಳದಂಥ ಹಳೆಯ ಊರುಗಳಲ್ಲಿ ಮತ್ತೊಂದು ಭಂಡಾರವಿದೆ. ಅದು ಪಡಸಾಲೆಯ ಗೋಡೆ. ಅಜ್ಜ ಅಜ್ಜಿಯ ಮದುವೆ ಫೋಟೋ, ಜಾತ್ರೆಯಲ್ಲಿ ತೆಗೆಸಿದ್ದು, ಸೈನ್ಯಕ್ಕೆ ಹೋದ ಮಗನದು. ಮಳೆಗಾಲದ ತೇವಕ್ಕೆ ಅಂಚಿನಿಂದ ಹಳದಿ ಹಬ್ಬಿ, ಮುಖದವರೆಗೂ ಬಂದಿರುತ್ತದೆ. ಇನ್ನು ಕೆಲವು ಮಳೆಗಾಲ ಕಳೆದರೆ ಮುಖವೇ ಇರುವುದಿಲ್ಲ. ಹಗುರ ಚೀಲದ ವಿದ್ಯಾರ್ಥಿ ಇಲ್ಲಿ ಮಾಡಬಹುದಾದ ಉಪಕಾರ ದೊಡ್ಡದು. ಮನೆಯವರನ್ನು ಕೇಳಿ ಚೌಕಟ್ಟನ್ನು ಇಳಿಸಿ, ಕಟ್ಟೆಯ ನೆರಳಿಗೆ ತಂದು, ಗಾಜನ್ನು ಹತ್ತಿ ಬಟ್ಟೆಯಿಂದ ಒರೆಸಿ, ಬಾಗಿಲ ಬೆಳಕು ಗಾಜಿನಲ್ಲಿ ಪ್ರತಿಫಲಿಸದಂತೆ ಕೊಂಚ ವಾಲಿಸಿ ನೇರ ಎದುರಿನಿಂದ ಚಿತ್ರ ತೆಗೆದರಾಯಿತು. ಇಲ್ಲಿ ಮುಖವನ್ನು ‘ಚೆಂದ’ ಮಾಡುವ ಉಸಾಬರಿ ಬೇಡ. ಮಾಸಿದ್ದನ್ನು ತುಸು ಗಾಢ ಮಾಡಿದರೆ ಸಾಕು. ಈಗಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಹರಿದ ಚಿತ್ರದಲ್ಲಿ ಇಲ್ಲದ ಕಣ್ಣನ್ನೂ ಬರೆದುಕೊಡುತ್ತವೆ. ಆದರೆ ಅದು ಆ ಅಜ್ಜನ ಕಣ್ಣಲ್ಲ, ಯಂತ್ರ ಊಹಿಸಿದ ಯಾರದೋ ಕಣ್ಣು. ಮೊಮ್ಮಕ್ಕಳಿಗೆ ಅಜ್ಜನೆಂದು ಅದನ್ನು ತೋರಿಸುವುದು ಸರಿಯೇ ಎಂಬುದನ್ನು ಮನೆಯ ಹಿರಿಯರೇ ನಿರ್ಧರಿಸಲಿ.

ನವಲಗುಂದ: ಕೇಳುವ ಪಾಠ

ನವಿಲುಗಳ ಗುಡ್ಡವಿದ್ದುದರಿಂದ ನವಲಗುಂದ ಎಂಬ ಹೆಸರು ಬಂತೆನ್ನುತ್ತಾರೆ. ಆ ನವಿಲು ಇಂದಿಗೂ ಕಾಣುವುದು ಇಲ್ಲಿನ ಜಮಖಾನದ ಮೇಲೆ. ವಿಜಯಪುರದ ಆದಿಲಶಾಹಿಗಳ ಕಾಲದಲ್ಲಿ ಬಂದು ನೆಲೆಸಿದರೆನ್ನಲಾದ ಮುಸ್ಲಿಂ ನೇಕಾರ ಮನೆತನಗಳ ಹೆಣ್ಣುಮಕ್ಕಳು ಇದನ್ನು ನೇಯುತ್ತಾ ಬಂದಿದ್ದಾರೆ. ನೆಟ್ಟಗೆ ನಿಲ್ಲಿಸಿದ ಮಗ್ಗ, ಬಣ್ಣ ಹಾಕಿದ ಹತ್ತಿ ನೂಲು, ಎಳೆ ಎಳೆಯನ್ನೂ ಬಡಿದು ಕೂರಿಸುವ ಕೈ. ನವಿಲು, ಪಗಡೆ ಹಾಸು, ಗೆರೆ ಚೌಕಗಳ ವಿನ್ಯಾಸಗಳು. ನಕ್ಷೆ ಇರುವುದು ಕಾಗದದ ಮೇಲಲ್ಲ, ನೇಯುವವಳ ಲೆಕ್ಕದಲ್ಲಿ. ಈ ವಿದ್ಯೆಯನ್ನು ಮಗಳಿಗೆ ಹೇಳಿಕೊಟ್ಟರೆ ಅವಳು ಮದುವೆಯಾಗಿ ಬೇರೆ ಊರಿಗೆ ಒಯ್ಯುವಳೆಂದು, ಸೊಸೆಗೆ ಮಾತ್ರ ಕಲಿಸುತ್ತಿದ್ದರು ಎಂಬ ಮಾತಿದೆ. ಅಷ್ಟು ಜತನದ ಗುಟ್ಟು ಅದು. ‘ನವಲಗುಂದ ಜಮಖಾನ’ಕ್ಕೆ 1999ರ ಕಾಯ್ದೆಯಡಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೇರೆಡೆ ಮಾಡಿದ್ದನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ ಎಂಬುದು ಅದರ ಸಾರ.

ಈಗ ಯೋಚಿಸಬೇಕಾದ ಮಾತು. ತಲೆಮಾರುಗಳ ಕಾಲ ಮನೆಯ ಹೊಸ್ತಿಲು ದಾಟದಿದ್ದ ವಿನ್ಯಾಸ, ಒಬ್ಬ ಹುಡುಗನ ಮೊಬೈಲಿನಿಂದ ಅರೆಕ್ಷಣದಲ್ಲಿ ಲೋಕ ಸುತ್ತಬಲ್ಲದು. ಅದರಿಂದ ಗಿರಾಕಿ ಬರಬಹುದು. ನೋಡಿ ನಕಲು ಮಾಡಿ ಯಂತ್ರದ ಮಗ್ಗದಲ್ಲಿ ಅಗ್ಗಕ್ಕೆ ನೇಯುವವನೂ ಬರಬಹುದು. ಎರಡರಲ್ಲಿ ಯಾವುದು ಆಗಲಿ ಎಂದು ಹೇಳುವ ಹಕ್ಕು ಚಿತ್ರ ತೆಗೆದವನದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ತೆಗೆದವನದೇ ಇರಬಹುದು. ಚಿತ್ರದೊಳಗಿನ ಮುಖ, ಮನೆ, ನೇಯ್ಗೆ ಅವನದಾಗುವುದಿಲ್ಲ. ಆದ್ದರಿಂದ ಮೊದಲ ಕೆಲಸ ಮೊಬೈಲನ್ನು ಕಿಸೆಯಲ್ಲೇ ಇಟ್ಟು, ಬಾಗಿಲಲ್ಲಿ ನಿಂತು ‘ಒಳಗ ಬರಬಹುದೇನ್ರೀ?’ ಎಂದು ಕೇಳುವುದು. ಹತ್ತು ನಿಮಿಷ ಕೆಲಸ ನೋಡಿ, ಎರಡು ಮಾತು ಆಡಿದ ಮೇಲೆ ‘ಫೋಟೋ ತಗೀಲೇನ್ರೀ? ಯಾರಿಗರ ಕಳಿಸಿದ್ರ ನಡೀತೈತೇನ್ರೀ?’ ಎಂದು ಎರಡು ಪ್ರಶ್ನೆ. ತೆಗೆಯಲು ಒಪ್ಪಿಗೆ ಬೇರೆ, ಹಂಚಲು ಒಪ್ಪಿಗೆ ಬೇರೆ. ಮುಖ ಬೇಡವೆಂದರೆ ಬೇಡ. ಮಗ್ಗದ ಮೇಲೆ ಆಡುವ ಎರಡು ಕೈಗಳ ಚಿತ್ರ ಎಷ್ಟೋ ಮುಖಗಳಿಗಿಂತ ಹೆಚ್ಚು ಮಾತಾಡುತ್ತದೆ.

ಒಪ್ಪಿಗೆ ಸಿಕ್ಕ ಮೇಲೆ ಬಣ್ಣದ ನಿಷ್ಠೆ ಬೇಕು. ಮನೆಯೊಳಗಿನ ಹಳದಿ ದೀಪಕ್ಕೆ ಬಿಳಿ ನೂಲು ಅರಿಶಿನವಾಗುತ್ತದೆ, ನೀಲಿ ಹಸಿರಾಗುತ್ತದೆ. ನೋಟುಬುಕ್ಕಿನ ಒಂದು ಬಿಳಿ ಹಾಳೆಯನ್ನು ಜಮಖಾನದ ಪಕ್ಕ ಇಟ್ಟು ಒಂದು ಚಿತ್ರ ತೆಗೆದುಕೊಂಡರೆ, ಆಮೇಲೆ ಆ ಹಾಳೆ ಬಿಳಿಯಾಗಿ ಕಾಣುವಂತೆ ಬಣ್ಣದ ಸಮತೋಲ ಹೊಂದಿಸಬಹುದು. ಉಳಿದ ಬಣ್ಣಗಳೂ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಇದು ಬರೀ ಚೆಂದದ ಮಾತಲ್ಲ. ಚಿತ್ರದಲ್ಲಿ ಒಂದು ಕೆಂಪು, ಮನೆಗೆ ಬಂದ ಜಮಖಾನದಲ್ಲಿ ಇನ್ನೊಂದು ಕೆಂಪು ಇದ್ದರೆ ಗಿರಾಕಿ ಬೈಯುವುದು ನೇಯ್ದವಳನ್ನು, ಫೋಟೋ ತಿದ್ದಿದವನನ್ನಲ್ಲ.

ನವಲಗುಂದದಲ್ಲಿ ಇನ್ನೂ ಒಂದು ಪಾಠ ಇದೆ, ಅದು ಅಡಿಬರಹದ್ದು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ ಎದ್ದ ಬಂಡಾಯದಲ್ಲಿ 1980ರ ಜುಲೈ 21ರಂದು ಇಲ್ಲಿ ಗೋಲಿಬಾರ್ ನಡೆದು ರೈತನ ಪ್ರಾಣ ಹೋಯಿತು. ಅದರ ನೆನಪಿನ ವೀರಗಲ್ಲು ಊರಿನಲ್ಲಿದೆ, ಪ್ರತಿವರ್ಷ ಆ ದಿನ ರೈತರು ಸೇರುತ್ತಾರೆ. ಅಡಿಬರಹವಿಲ್ಲದೆ ಆ ಚಿತ್ರವನ್ನು ಕಳಿಸಿದರೆ ಅದು ಬರೀ ಒಂದು ಕಲ್ಲು. ಯಾವ ಊರು, ಯಾವ ದಿನ, ಏನು ನಡೆಯಿತು ಎಂಬ ಎರಡು ಸಾಲು ಸೇರಿದರೆ ಅದೇ ಕಲ್ಲು ಚರಿತ್ರೆ. ಚೀಲದಲ್ಲಿ ಒಂದು ಸಣ್ಣ ನೋಟುಬುಕ್ಕು, ಪೆನ್ನು ಇರಬೇಕೆನ್ನುವುದು ಇದಕ್ಕೇ. ಚಿತ್ರದಲ್ಲಿರುವವರ ಹೆಸರನ್ನು ಅವರೇ ಹೇಳಿದಂತೆ, ಅವರೆದುರಿಗೇ ಬರೆದುಕೊಂಡರೆ ತಪ್ಪಾಗುವುದಿಲ್ಲ.

ಕಲಘಟಗಿ: ಮರಳಿಸುವ ಪಾಠ

ಕೊನೆಯ ಹಾದಿ ಕಲಘಟಗಿಯದು. ಇಲ್ಲಿನ ಬಣ್ಣದ ತೊಟ್ಟಿಲನ್ನು ಕೇಳದ ಉತ್ತರ ಕರ್ನಾಟಕದ ತಾಯಂದಿರಿಲ್ಲ. ಸಾಗುವಾನಿ ಮರ, ಅದರ ಮೇಲೆ ಅರಗಿನ ಹೊಳಪಿನ ಬಣ್ಣ, ಪಟ್ಟಿಪಟ್ಟಿಯಲ್ಲೂ ರಾಮಾಯಣದ, ಕೃಷ್ಣಲೀಲೆಯ ಚಿತ್ರಗಳು. ಚಿತ್ರಗಾರ ಮನೆತನದವರು ಕೈಯಲ್ಲೇ ಬರೆದು ತುಂಬುವ ಬಣ್ಣ ಅದು. ಚೊಚ್ಚಲ ಬಾಣಂತನ ತವರಿನಲ್ಲಿ. ಕೂಸನ್ನು ತೊಟ್ಟಿಲಕ್ಕೆ ಹಾಕುವ ದಿನ ತೊಟ್ಟಿಲು ತವರಿನ ಉಡುಗೊರೆ. ಒಮ್ಮೆ ಮನೆಗೆ ಬಂದ ತೊಟ್ಟಿಲಲ್ಲಿ ಅವ್ವ ಮಲಗಿದ್ದಳು, ಮಗಳು ಮಲಗಿದಳು, ಮೊಮ್ಮಗಳೂ ಮಲಗುತ್ತಾಳೆ.

ಚಿತ್ರವೊಂದು ಕಸುಬಿಗೆ ಹೇಗೆ ನೆರವಾಗಬಲ್ಲದು ಎಂಬುದನ್ನೂ ಈ ತೊಟ್ಟಿಲು ತೋರಿಸಿದೆ. ನಟ ಅಂಬರೀಷ್ ಅವರು 2018ರ ನವೆಂಬರಿನಲ್ಲಿ ತೀರಿಕೊಳ್ಳುವ ಮೊದಲು, ನಟ ಯಶ್ ದಂಪತಿಗೆ ಹುಟ್ಟಲಿದ್ದ ಮಗುವಿಗಾಗಿ ಕಲಘಟಗಿ ತೊಟ್ಟಿಲನ್ನು ಹೇಳಿ ಮಾಡಿಸಿದ್ದರು. ಆ ತೊಟ್ಟಿಲಿನ ಫೋಟೋ ಪತ್ರಿಕೆಗಳಲ್ಲಿ, ಮೊಬೈಲುಗಳಲ್ಲಿ ನಾಡೆಲ್ಲ ಸುತ್ತಿತು. ಕಲಘಟಗಿ ಎಲ್ಲಿದೆ ಎಂದು ತಿಳಿಯದವರ ಬಾಯಲ್ಲೂ ಅದರ ಹೆಸರು ಬಂತು. ಫೋಟೋದ ಜೊತೆಗೆ 'ಕಲಘಟಗಿ' ಎಂಬ ಊರಿನ ಹೆಸರೂ ಸಾಗಿದ್ದರಿಂದಲೇ ಇದು ಸಾಧ್ಯವಾಯಿತು ಎಂಬುದನ್ನು ಮರೆಯಬಾರದು.

ಅರಗಿನ ಹೊಳಪು ಕನ್ನಡಿಯಿದ್ದಂತೆ. ಎದುರು ನಿಂತು ತೆಗೆದರೆ ತೆಗೆಯುವವನ ಮುಖವೇ ತೊಟ್ಟಿಲಿನ ಮೇಲೆ ಕೂಡುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ನಿಂತು ತೆಗೆಯುವುದು ಸರಿ. ಆದರೆ ಕಲಘಟಗಿಯಲ್ಲಿ ಕಲಿಯಬೇಕಾದದ್ದು ಇದಕ್ಕಿಂತ ಮುಖ್ಯ: ತೆಗೆದದ್ದನ್ನು ತೆಗೆಸಿಕೊಂಡವರಿಗೆ ಮರಳಿಸುವುದು. ಫೋಟೋ ಹಿಡಿದು ಹೋದವರು ಮತ್ತೆ ಇತ್ತ ತಲೆ ಹಾಕಲಿಲ್ಲ ಎಂಬ ಮಾತು ಕುಶಲಕರ್ಮಿಗಳ ಕೇರಿಯಲ್ಲಿ ಹೊಸದಲ್ಲ. ಹೊರಡುವ ಮೊದಲೇ ಪರದೆಯ ಮೇಲೆ ಚಿತ್ರ ತೋರಿಸಿ, ಬೇಡವೆಂದದ್ದನ್ನು ಅವರೆದುರಿಗೇ ಅಳಿಸಿ, ಬೇಕೆಂದದ್ದನ್ನು ಅಲ್ಲಿಯೇ ಕಳಿಸಿಬಿಡುವುದು ಒಳ್ಳೆಯದು. ಎರಡು ಆಂಡ್ರಾಯ್ಡ್ ಮೊಬೈಲುಗಳ ನಡುವೆ ಕ್ವಿಕ್ ಶೇರ್‌ನಂಥ ಸೌಲಭ್ಯದಿಂದ ಇಂಟರ್‌ನೆಟ್ ಇಲ್ಲದೆಯೂ ಮೂಲ ಚಿತ್ರವೇ ದಾಟುತ್ತದೆ. ಕಾಡಂಚಿನ ಹಳ್ಳಿಯಲ್ಲಿ ಸಿಗ್ನಲ್ ಇಲ್ಲವೆಂಬ ನೆವ ಬೇಕಿಲ್ಲ. ಮೊಬೈಲಿಲ್ಲದ ಹಿರಿಯರಿಗೆ ಹುಬ್ಬಳ್ಳಿಯ ಯಾವುದೇ ಸ್ಟುಡಿಯೋದಲ್ಲಿ ಒಂದು ಪ್ರತಿ ಅಚ್ಚು ಹಾಕಿಸಿ, ಅಂಚೆಯಲ್ಲಿ ಕಳಿಸಿದರೆ ಮುಗಿಯಿತು. ಆ ಒಂದು ಪ್ರತಿ ಅವರ ಗೋಡೆಯ ಮೇಲೆ ಮೂವತ್ತು ವರ್ಷ ಇರುತ್ತದೆ. ಮೊಬೈಲಿನಲ್ಲಿರುವ ಮುನ್ನೂರರ ಆಯುಸ್ಸು ಮುಂದಿನ ಮೊಬೈಲು ಬರುವ ತನಕ!

ಹಂಚುವ ಮುನ್ನ, ಮನೆಯವರ ಕೂಡ

ಚಿತ್ರ ಹಂಚುವುದರಲ್ಲಿ ತಂದೆ ತಾಯಂದಿರೂ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರ ಕುಗ್ಗಿ ಹೋಗುತ್ತದೆ. ನೋಡಲು ಅದು ಸಾಕು. ಅಚ್ಚಿಗೆ, ಸ್ಪರ್ಧೆಗೆ, ಶಾಲೆಯ ಯೋಜನಾ ವರದಿಗೆ ಸಾಲದು. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಚಿತ್ರ ಇದ್ದ ಹಾಗೆಯೇ ಹೋಗುತ್ತದೆ. ಆದರೆ ಅದರ ಬೆನ್ನಿಗೆ ತೆಗೆದ ದಿನ, ಗಂಟೆ, ಮೊಬೈಲಿನಲ್ಲಿ ಸ್ಥಳದ ಗುರುತು ಚಾಲೂ ಇದ್ದರೆ ತೆಗೆದ ಜಾಗವೂ ಹೋಗುತ್ತದೆ. ಗುಡಿಯ ಚಿತ್ರಕ್ಕೆ ಅದು ಉಪಕಾರಿ. ಮನೆಯ ಅಂಗಳದಲ್ಲಿ ಆಡುವ ಕೂಸಿನ ಚಿತ್ರಕ್ಕೆ ಅದು ಅಪಾಯ. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಸ್ಥಳದ ಗುರುತನ್ನು ಬೇಕಾದಾಗ ಮಾತ್ರ ಚಾಲೂ ಇಡುವುದನ್ನು ಮನೆಯವರೂ ಮಕ್ಕಳೂ ಕೂಡಿಯೇ ಕಲಿತರೆ ಒಳ್ಳೆಯದು. ಬೇರೆಯವರ ಮಕ್ಕಳ ಚಿತ್ರವನ್ನು ಅವರ ಹಿರಿಯರನ್ನು ಕೇಳದೆ ಯಾರಿಗೂ ಕಳಿಸಬಾರದು. ಪ್ರವಾಸದಲ್ಲಿರುವಾಗಲೇ ‘ಈಗ ಇಂಥಲ್ಲಿದ್ದೇವೆ’ ಎಂದು ಲೋಕಕ್ಕೆಲ್ಲ ಸಾರುವ ಬದಲು, ಮನೆಗೆ ಒಂದು ಚಿತ್ರ, ಒಂದು ಸಾಲು ಕಳಿಸಿ, ಉಳಿದದ್ದನ್ನು ಮರಳಿ ಬಂದ ಮೇಲೆ ಹಂಚುವುದು ಜಾಣತನ.

ಹಂಚಲು ಗೆಳೆಯರ ಗುಂಪು ಒಂದೇ ಜಾಗವಲ್ಲ. 2004ರಲ್ಲಿ ಶುರುವಾದ ವಿಕಿಮೀಡಿಯ ಕಾಮನ್ಸ್ ಎಂಬ ಜಾಲತಾಣದ ಭಂಡಾರಕ್ಕೆ ಯಾರು ಬೇಕಾದರೂ ತಾವೇ ತೆಗೆದ ಚಿತ್ರವನ್ನು, ಯಾರಾದರೂ ಬಳಸಿಕೊಳ್ಳಲಿ ಎಂಬ ಒಪ್ಪಿಗೆಯೊಡನೆ ಸೇರಿಸಬಹುದು. ಕನ್ನಡ ವಿಕಿಪೀಡಿಯದ ಪುಟಗಳಿಗೆ ಚಿತ್ರ ಬರುವುದು ಹೆಚ್ಚಾಗಿ ಅಲ್ಲಿಂದಲೇ. ಹಂಪಿಯ ಕಲ್ಲಿನ ರಥಕ್ಕೆ ಅಲ್ಲಿ ಚಿತ್ರಗಳ ಕೊರತೆಯಿಲ್ಲ. ಸಣ್ಣ ಊರಿನ ಕೆರೆ, ಬಾವಿ, ಶಾಸನ, ಗುಡಿಗೆ ಒಂದು ಸರಿಯಾದ ಚಿತ್ರ, ಒಂದು ಸರಿಯಾದ ಅಡಿಬರಹ ಸಿಕ್ಕರೆ ಅದು ಹತ್ತು ಜನ ವಿದ್ಯಾರ್ಥಿಗಳ ಓದಿಗೆ ಆಸರೆಯಾಗುತ್ತದೆ. ಬಿಗ್ಸ್ ಮತ್ತು ಪಿಗೂ ಸರ್ಕಾರದ ಖರ್ಚಿನಲ್ಲಿ, ಮಣಗಟ್ಟಲೆ ಸಾಮಾನು ಹೊತ್ತು ಮಾಡಿದ ಕೆಲಸ ಅದು. ಅದನ್ನು ಇಂದು ಕಲಘಟಗಿಯ ಕಾಲೇಜಿನ ಹುಡುಗಿ ತನ್ನೂರಿಗಾಗಿ, ಬಸ್ಸಿನ ಕಿಟಕಿಯ ಪಕ್ಕ ಕುಳಿತೇ ಮಾಡಬಲ್ಲಳು.

ಹೋಗುವುದು ಹೇಗೆ?

ಹುಬ್ಬಳ್ಳಿಯಿಂದ ನಾಲ್ಕೂ ಊರಿಗೆ ವಾಯವ್ಯ ಸಾರಿಗೆಯ ಬಸ್ಸುಗಳಿವೆ. ರಾಜ್ಯದ ಮಹಿಳೆಯರು, ವಿದ್ಯಾರ್ಥಿನಿಯರು 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ಗುರುತಿನ ಚೀಟಿ ತೋರಿಸಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲದೆ ಹೋಗಬಹುದು. ಅಣ್ಣಿಗೇರಿ ಗದಗ ಮಾರ್ಗದಲ್ಲಿ, ಕುಂದಗೋಳ ಹಾವೇರಿ ಮಾರ್ಗದಲ್ಲಿ ರೈಲು ನಿಲ್ದಾಣ ಹೊಂದಿವೆ. ಅಣ್ಣಿಗೇರಿ, ನವಲಗುಂದ ಅಕ್ಕಪಕ್ಕದ ತಾಲ್ಲೂಕುಗಳಾದ್ದರಿಂದ ಒಂದೇ ದಿನ ಎರಡನ್ನೂ ನೋಡಬಹುದು. ಬಯಲು ಸೀಮೆಯಲ್ಲಿ ನಡುಹಗಲಿನ ಬಿಸಿಲು ಚಿತ್ರಕ್ಕೂ ತಲೆಗೂ ಒಳ್ಳೆಯದಲ್ಲ; ಬೆಳಿಗ್ಗೆ ಒಂಬತ್ತರ ಒಳಗೆ, ಸಂಜೆ ನಾಲ್ಕರ ಮೇಲೆ ಹದವಾದ ಬೆಳಕು. ಮಳೆಗಾಲದಲ್ಲಿ ಎರಿ ಮಣ್ಣು ಕಾಲಿಗೆ ಮೆತ್ತಿಕೊಂಡು ನಡೆಯಗೊಡುವುದಿಲ್ಲ.

ಚೀಲದಲ್ಲಿ: ಮೊಬೈಲು, ಚಾರ್ಜ್ ಮಾಡುವ ವೈರು ಮತ್ತು ಪವರ್ ಬ್ಯಾಂಕ್, ಪೆನ್‌ಡ್ರೈವ್, ಲೆನ್ಸ್ ಒರೆಸಲು ಹಳೆಯ ಹತ್ತಿ ಬಟ್ಟೆ, ನೋಟುಬುಕ್ಕು, ಪೆನ್ನು, ನೀರು, ರೊಟ್ಟಿ ಬುತ್ತಿ. ಮರಳುವಾಗ ಬುತ್ತಿ ಖಾಲಿಯಾಗಿ ಚೀಲ ಇನ್ನಷ್ಟು ಹಗುರಾಗಿರುತ್ತದೆ. ನೋಟುಬುಕ್ಕಿನಲ್ಲಿ ಮಾತ್ರ ಯಾರಿಗೆ ಯಾವ ಚಿತ್ರ ಕಳಿಸಬೇಕೆಂಬ ಪಟ್ಟಿ ಇರಲಿ. ಆ ಪಟ್ಟಿ ಮುಗಿದ ದಿನ ಪ್ರವಾಸ ಮುಗಿಯಿತು.